ಎರಡನೇ ಪುಸ್ತಕದ ಹಣೆಬರಹ: ಹಲಸಂಗಿ ಗೆಳೆಯರು ಮತ್ತು ಒಂದು ಡಚ್ ಬ್ಯಾಂಡು

ಕೆಲವು ವಾರಗಳಿಂದ ಒಂದೇ ಆಲ್ಬಮ್ ಕೇಳುತ್ತಿದ್ದೇನೆ. ಹಾಲೆಂಡಿನ ‘ಕಯಾಕ್’ ಅನ್ನುವ ಹಳೆಯ ರಾಕ್ ತಂಡದ್ದು, ಹೆಸರು ‘ಸೆವೆಂಟೀನ್’. ಹೆಸರಿನಲ್ಲಿ ಗೂಢಾರ್ಥ ಹುಡುಕಬೇಡಿ, ಅದು ಅವರ 17ನೇ ಸ್ಟುಡಿಯೋ ಆಲ್ಬಮ್, ಅಷ್ಟೇ :-) ಬಂದದ್ದು 2018ರ ಜನವರಿಯಲ್ಲಿ. ಅದನ್ನು ಕೇಳುತ್ತ ಕೇಳುತ್ತ ನನ್ನ ತಲೆ ಮಾತ್ರ ನಮ್ಮ ಬಿಜಾಪುರ ಜಿಲ್ಲೆಯ ಹಲಸಂಗಿಗೆ ಹೋಗಿ ಕೂತುಬಿಟ್ಟಿದೆ.

ಹಾಲೆಂಡ್ ಎಲ್ಲಿ, ಹಲಸಂಗಿ ಎಲ್ಲಿ ಅಂತ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಎರಡೂ ಕಡೆ ನಡೆದ ಕತೆ ಹೆಚ್ಚುಕಡಿಮೆ ಒಂದೇ. ಒಂದು ಗೆಳೆಯರ ಗುಂಪು ಮಾಡಿದ ಯಾವುದೋ ಒಂದು ಕೆಲಸಕ್ಕೆ ಜನ ಮನಸೋಲುತ್ತಾರೆ. ಆಮೇಲೆ ಆ ಗುಂಪು ಏನೇ ಮಾಡಲಿ, ಜನ ಆ ಹಳೆಯದನ್ನೇ ಕೇಳುತ್ತಾರೆ. ನಂತರದ ಕೆಲಸ ಕಪಾಟಿನ ಮೂಲೆ ಸೇರುತ್ತದೆ. ಹಾಲೆಂಡಿನಲ್ಲಿ ಹೀಗಾದರೆ ಒಂದು ತಂಡಕ್ಕೆ ಬೇಜಾರು. ಹಲಸಂಗಿಯಲ್ಲಿ ಹೀಗಾದದ್ದರಿಂದ ನಮ್ಮ ಸೀಮೆಯ ಹಾಡಿನ ಅರ್ಧ ಚರಿತ್ರೆಯೇ ಮಸುಕಾಯಿತು ಅನ್ನುವುದು ನನ್ನ ಅನಿಸಿಕೆ.

ಮೊದಲು ಕಯಾಕ್ ಕತೆ, ಚಿಕ್ಕದಾಗಿ.

1972ರಲ್ಲಿ ಹಿಲ್ವರ್ಸಮ್ ಅನ್ನುವ ಊರಿನಲ್ಲಿ ಈ ತಂಡ ಶುರುವಾಯಿತು. ಕೀಬೋರ್ಡ್ ನುಡಿಸುವ ಟಾನ್ ಶೆರ್ಪನ್‌ಜೀಲ್, ಡ್ರಮ್ಸ್ ಬಾರಿಸುವ ಪಿಮ್ ಕೂಪ್‌ಮನ್ ಇದರ ಎರಡು ಕಂಬ. 1973ರಲ್ಲಿ ಮೊದಲ ಆಲ್ಬಮ್ ‘ಸೀ ಸೀ ದ ಸನ್’. ಇವರದ್ದು ಸಿಂಫೋನಿಕ್ ಪ್ರೋಗ್ರೆಸಿವ್ ರಾಕ್ ಅನ್ನುವ ಜಾತಿಯ ಸಂಗೀತ. ಅಂದರೆ ಮೂರು ನಿಮಿಷದ ಸಿನೆಮಾ ಹಾಡಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಾಡು ಹತ್ತು ನಿಮಿಷ ಹೋಗಬಹುದು, ಮಧ್ಯೆ ವೇಗ ಬದಲಾಗಬಹುದು, ನಿಧಾನಕ್ಕೆ ಇಳಿದು ಮತ್ತೆ ಏರಬಹುದು, ಕೊನೆಗೆ ಮೊದಲಿನ ಪಲ್ಲವಿಗೆ ಬಂದು ಕೂಡಬಹುದು. ಒಂದೊಂದು ಸಲ ಇಡೀ ಆಲ್ಬಮ್ಮೇ ಒಂದು ಕತೆ. ಕಯಾಕ್ ತಂಡ ಮೆರ್ಲಿನ್, ನಾಸ್ಟ್ರಡಾಮಸ್, ಕ್ಲಿಯೋಪಾತ್ರ ಇವರೆಲ್ಲರ ಮೇಲೂ ಹೀಗೆ ಇಡೀ ಇಡೀ ಕಥಾನಕಗಳನ್ನು ಕಟ್ಟಿದೆ.

ಆದರೆ ಅವರ ದೇಶದ ಜನಕ್ಕೆ ಕಯಾಕ್ ಅಂದರೆ ‘ರೂತ್‌ಲೆಸ್ ಕ್ವೀನ್’. 1978ರ ‘ಫ್ಯಾಂಟಮ್ ಆಫ್ ದ ನೈಟ್’ ಆಲ್ಬಮ್ಮಿನ ಹಾಡು ಅದು. ಮರುವರ್ಷ ದೊಡ್ಡ ಹಿಟ್ ಆಯಿತು. 1982ರಲ್ಲಿ ತಂಡ ಒಡೆಯಿತು, 1999ರಲ್ಲಿ ಮತ್ತೆ ಕೂಡಿತು. 2009ರ ನವೆಂಬರಿನಲ್ಲಿ ಪಿಮ್ ಕೂಪ್‌ಮನ್ ತೀರಿಕೊಂಡರು. ಹಾಡುವವರು ಬದಲಾದರು, ಗಿಟಾರಿನವರು ಬದಲಾದರು. ‘ಸೆವೆಂಟೀನ್’ ಹೊತ್ತಿಗೆ ಮೊದಲಿನವರಲ್ಲಿ ಉಳಿದದ್ದು ಶೆರ್ಪನ್‌ಜೀಲ್ ಒಬ್ಬರೇ. ಹೊಸ ಗಾಯಕ ಬಾರ್ಟ್ ಶ್ವರ್ಟ್‌ಮನ್, ಹೊಸ ಗಿಟಾರಿಗ ಮಾರ್ಸೆಲ್ ಸಿಂಗೋರ್. ‘ಲಾ ಪೆರೆಗ್ರಿನಾ’, ‘ವಾಕ್ ಥ್ರೂ ಫೈರ್’ ಅನ್ನುವ ಉದ್ದನೆಯ ಹಾಡುಗಳು. ಒಂದು ಕಡೆ ಇಂಗ್ಲೆಂಡಿನ ಕ್ಯಾಮೆಲ್ ತಂಡದ ಆಂಡಿ ಲ್ಯಾಟಿಮರ್ ಬಂದು ಗಿಟಾರ್ ನುಡಿಸಿ ಹೋಗಿದ್ದಾರೆ. ಶುರುವಾಗಿ 45 ವರ್ಷ ದಾಟಿದ ತಂಡ, ಮುಕ್ಕಾಲು ಪಾಲು ಹೊಸಬರನ್ನು ಕಟ್ಟಿಕೊಂಡು, ಮೈಯಲ್ಲಿ ಕಸುವು ಇಟ್ಟುಕೊಂಡು ಮಾಡಿದ ಕೆಲಸ. 2021ರಲ್ಲಿ ಇನ್ನೊಂದು ಆಲ್ಬಮ್ ಬಂತು, 2022ರಲ್ಲಿ ವಿದಾಯದ ಪ್ರವಾಸ ಮಾಡಿದರು. ಇಷ್ಟೆಲ್ಲ ಆದರೂ ‘ರೂತ್‌ಲೆಸ್ ಕ್ವೀನ್’ ನೆರಳು ಬಿಟ್ಟಿಲ್ಲ.

ಹಾಗೆ ನೋಡಿದರೆ ಬಿಜಾಪುರಕ್ಕೆ ಡಚ್ಚರು ಹೊಸಬರೇನಲ್ಲ. 17ನೇ ಶತಮಾನದ ಶುರುವಿನಲ್ಲಿ ಎರಡನೇ ಇಬ್ರಾಹಿಂ ಆದಿಲಶಾಹನ ಆಸ್ಥಾನದಲ್ಲಿ ಕಾರ್ನೆಲಿಸ್ ಹೆಡಾ ಅನ್ನುವ ಡಚ್ ಚಿತ್ರಕಾರ ಇದ್ದ. ಆ ಬಾದಶಹನೇ ದಖನಿ ಭಾಷೆಯಲ್ಲಿ ‘ಕಿತಾಬ್-ಎ-ನೌರಸ್’ ಅನ್ನುವ ಹಾಡಿನ ಪುಸ್ತಕ ಬರೆದವನು. ಅದರಲ್ಲಿ ಸರಸ್ವತಿಯೂ ಇದ್ದಾಳೆ, ಗಣಪತಿಯೂ ಇದ್ದಾನೆ, ಗುಲ್ಬರ್ಗದ ಬಂದೇನವಾಜರೂ ಇದ್ದಾರೆ. ಹಾಡನ್ನು ಪುಸ್ತಕಕ್ಕೆ ಇಳಿಸುವ ಹುಚ್ಚು ನಮ್ಮ ಜಿಲ್ಲೆಗೆ ಹಳೆಯದು. ಹಲಸಂಗಿ ಗೆಳೆಯರು ಆ ಹುಚ್ಚನ್ನೇ ಅರಮನೆಯಿಂದ ಹೊಲಮನೆಗೆ ತಂದರು ಅನ್ನಬಹುದು.

ಈಗ ಹಲಸಂಗಿಗೆ ಬರೋಣ.

ಆಗಿನ ಇಂಡಿ ತಾಲ್ಲೂಕಿನ ಒಂದು ಹಳ್ಳಿ ಇದು. ಭೀಮಾ ನದಿಯ ಸೀಮೆ, ನದಿ ದಾಟಿದರೆ ಸೊಲ್ಲಾಪುರ ಜಿಲ್ಲೆ. ಬಿಜಾಪುರ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಕಚೇರಿಯಲ್ಲೂ ಸಾಲೆಯಲ್ಲೂ ಮರಾಠಿಗೆ ಮಾನ, ಕನ್ನಡಕ್ಕೆ ಮನೆಮಾತಿನ ಜಾಗ. ಇಂಥ ಕಡೆ ನಾಲ್ಕಾರು ಹುಡುಗರು ಕೂಡಿದರು. ಚೆನ್ನಮಲ್ಲಪ್ಪ ಗಲಗಲಿ, ಅಂದರೆ ನಮ್ಮ ಕವಿ ಮಧುರಚೆನ್ನ. ಪಕ್ಕದ ಚಡಚಣದ ಸಿಂಪಿ ಲಿಂಗಣ್ಣ. ಧೂಲಾಸಾಹೇಬ. ಕಾಪಸೆ ರೇವಪ್ಪ. ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪು ಇದ್ದ ಕಾಲವೇ ಅದು. ಬೇಂದ್ರೆಯವರಿಗೆ ಈ ಹಲಸಂಗಿ ಬಳಗ ಅಂದರೆ ಬಲು ಪ್ರೀತಿ.

ಈ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದರು. ಮಧುರಚೆನ್ನರಿಗೆ ಆಗ 28ರ ಆಸುಪಾಸು, ಸಿಂಪಿ ಲಿಂಗಣ್ಣನವರು ಅವರಿಗಿಂತ ಎರಡು ವರ್ಷ ಸಣ್ಣವರು. ಬೀಸುವಾಗ, ಕುಟ್ಟುವಾಗ, ಕೂಸನ್ನು ತೂಗುವಾಗ ನಮ್ಮ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಕೂಡಿಸಿದ ಪುಸ್ತಕ ಅದು. ತವರುಮನೆ, ಅಣ್ಣತಮ್ಮ, ಗಂಡ, ಕೂಸು, ದೇವರು... ಮೂರೇ ಸಾಲಿನಲ್ಲಿ ಒಂದು ಬದುಕು. ಕನ್ನಡ ನಾಡು ಆ ಪುಸ್ತಕವನ್ನು ಎದೆಗೆ ಅಪ್ಪಿಕೊಂಡಿತು. ಇವತ್ತಿಗೂ ಜನಪದ ಸಾಹಿತ್ಯ ಅಂದಕೂಡಲೇ ನಮ್ಮ ನಾಲಿಗೆಗೆ ಬರುವ ಮೊದಲ ಹೆಸರು ಅದೇ. ಬರಬೇಕಾದ್ದೇ, ಅದರ ಬಗ್ಗೆ ನನ್ನ ತಕರಾರು ಏನೂ ಇಲ್ಲ.

ನನ್ನ ಮಾತು ಅದಾದ ಎರಡು ವರ್ಷಕ್ಕೆ ಬಂದ ಪುಸ್ತಕದ್ದು. 1933ರಲ್ಲಿ ಇದೇ ಬಳಗ ‘ಜೀವನ ಸಂಗೀತ’ ಹೊರತಂದಿತು. ಅದು ಲಾವಣಿಗಳ ಸಂಗ್ರಹ. 1935ರಲ್ಲಿ ಕಾಪಸೆ ರೇವಪ್ಪನವರ ‘ಮಲ್ಲಿಗೆ ದಂಡೆ’ ಬಂತು. ಐದು ವರ್ಷದೊಳಗೆ ಒಂದು ಹಳ್ಳಿಯಿಂದ ಮೂರು ಪುಸ್ತಕ! ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಒಂದೇ ಬ್ಯಾಂಡಿನ ಮೂರು ಆಲ್ಬಮ್ಮು. ಮೊದಲನೆಯದು ಮನೆಮನೆಯ ಮಾತಾಯಿತು. ಉಳಿದ ಎರಡರ ಹೆಸರನ್ನು ಕನ್ನಡ ಎಂ.ಎ. ಮಾಡಿದವರು ಪರೀಕ್ಷೆಗೆ ಅಂತ ಬಾಯಿಪಾಠ ಮಾಡುತ್ತಾರೆ, ಅಷ್ಟೇ.

‘ಜೀವನ ಸಂಗೀತ’ ಯಾಕೆ ಮುಖ್ಯ ಅನ್ನುವುದಕ್ಕೆ ಲಾವಣಿ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ದಕ್ಷಿಣದ ಕಡೆಯ ಗೆಳೆಯರಿಗೆ ಇದು ಅಷ್ಟಾಗಿ ಗೊತ್ತಿರಲಿಕ್ಕಿಲ್ಲ.

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಜಾತ್ರೆ ಉರುಸು ಅಂದರೆ ರಾತ್ರಿ ಗೀಗೀ ಪದ ಇರಬೇಕು. ಮುಂದೆ ನಿಂತು ಹಾಡುವವನ ಕೈಯಲ್ಲಿ ದಪ್ಪು. ಹಿಂದೆ ನಿಂತವರು ತುಂತುಣಿ ಮಿಡಿಯುತ್ತ, ತಾಳ ಹಾಕುತ್ತ ‘ಗೀ... ಗೀ’ ಅಂತ ದನಿ ಎಳೆಯುತ್ತಾರೆ. ಒಂದೇ ಮೇಳ ಇದ್ದರೆ ಮಜಾ ಇಲ್ಲ, ಎರಡು ಬೇಕು. ಒಂದು ಹರದೇಶಿ, ಇನ್ನೊಂದು ನಾಗೇಶಿ. ಹರದೇಶಿಯವರು ಶಿವ ಹೆಚ್ಚು, ಗಂಡು ಹೆಚ್ಚು ಅಂತ ವಾದ ಹೂಡುತ್ತಾರೆ. ನಾಗೇಶಿಯವರು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಅಂತ ಎದುರು ನಿಲ್ಲುತ್ತಾರೆ. ಮರಾಠಿಯಲ್ಲಿ ಇದನ್ನೇ ತುರಾ-ಕಲಗಿ ಅನ್ನುತ್ತಾರೆ. ಒಬ್ಬರು ಪುರಾಣದ ಒಂದು ಗಂಟು ಹಾಕಿ ಸವಾಲು ಎಸೆಯುತ್ತಾರೆ, ಇನ್ನೊಬ್ಬರು ಅದನ್ನು ಬಿಚ್ಚಿ ಜವಾಬು ಕೊಡಬೇಕು. ಬೆಳಗಿನ ತನಕ ಇದೇ ಜಟಾಪಟಿ.

ಸಿಂದಗಿ ತಾಲ್ಲೂಕಿನ ನಮ್ಮೂರಿನಲ್ಲಿ ನಮ್ಮ ಮುತ್ಯಾ ಇಂಥ ಹಾಡಿಕೆ ಬಿಟ್ಟವನೇ ಅಲ್ಲ. ಸಣ್ಣವನಿದ್ದಾಗ ನಾನು ನಿದ್ದೆಗಣ್ಣಿನಲ್ಲಿ ತೂಗುತ್ತಿದ್ದರೆ ತಿವಿದು ಎಬ್ಬಿಸುತ್ತಿದ್ದ. “ಪದಾ ಅಂದ್ರ ಬರೇ ಕೇಳೂದಲ್ಲೋ ತಮ್ಮಾ, ಜವಾಬ ಏನ ಕೊಡ್ತಾನ ಅಂತ ನೋಡೂದು” ಅನ್ನುತ್ತಿದ್ದ. ಲಾವಣಿಯ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಲಾವಣಿಯ ಕಟ್ಟಡವನ್ನೇ ನೋಡಿ. ಪಲ್ಲ, ನುಡಿ, ಚಾಲ, ಏರು, ಇಳುವು, ಕೊನೆಗೆ ಕೂಡುಪಲ್ಲ. ಪಲ್ಲದಿಂದ ಹೊರಟು, ನುಡಿಯಲ್ಲಿ ಕತೆ ಹೇಳಿ, ಚಾಲದಲ್ಲಿ ಓಟ ಬದಲಿಸಿ, ಏರಿನಲ್ಲಿ ದನಿ ಮೇಲಕ್ಕೊಯ್ದು, ಇಳುವಿನಲ್ಲಿ ಇಳಿಸಿ, ಕೂಡುಪಲ್ಲಕ್ಕೆ ಬಂದು ಮುಟ್ಟಬೇಕು. ಹತ್ತು ನಿಮಿಷದ ಕಯಾಕ್ ಹಾಡಿನ ಬಗ್ಗೆ ಮೇಲೆ ಏನು ಹೇಳಿದೆನೋ ಅದೇ ಅಲ್ಲವೇ ಇದು? ಆ ಆಲ್ಬಮ್ ಕೇಳುವಾಗ ನನ್ನ ತಲೆ ಊರ ಕಡೆ ಹೋದದ್ದು ಇದೇ ಕಾರಣಕ್ಕೆ. ಉದ್ದನೆಯ ಹಾಡನ್ನು ಕೇಳುಗ ಎದ್ದು ಹೋಗದ ಹಾಗೆ ಹಿಡಿದಿಡುವ ಕಷ್ಟ ಎಲ್ಲ ಕಡೆಯೂ ಒಂದೇ, ಅದಕ್ಕೆ ಕಂಡುಕೊಂಡ ಉಪಾಯವೂ ಹೆಚ್ಚುಕಡಿಮೆ ಒಂದೇ.

ಲಾವಣಿ ಹಳ್ಳಿಯ ವರ್ತಮಾನಪತ್ರವೂ ಆಗಿತ್ತು. 1880ರ ದಶಕದಲ್ಲಿ ಜೆ.ಎಫ್. ಫ್ಲೀಟ್ ಅನ್ನುವ ಇಂಗ್ಲಿಷ್ ಅಧಿಕಾರಿ, ನಮ್ಮ ಶಾಸನಗಳ ಮೇಲೆ ಕೆಲಸ ಮಾಡಿದವರೇ ಅವರು, ಕೆಲವು ಕನ್ನಡ ಲಾವಣಿಗಳನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಮಾಡಿಸಿದರು. ಅದರಲ್ಲಿ ಸಂಗೊಳ್ಳಿ ರಾಯಣ್ಣನ ಬಂಡಾಯ ಇದೆ. 1857ರಲ್ಲಿ ಹಲಗಲಿಯ ಬೇಡರು ಹತಾರ ಕೊಡಲು ಒಲ್ಲೆ ಅಂತ ಎದ್ದುನಿಂತ ಕತೆ ಇದೆ. ಇನ್‌ಕಮ್ ಟ್ಯಾಕ್ಸ್ ಹಾಕಿದ್ದರ ಮೇಲೂ ಒಂದು ಲಾವಣಿ ಇದೆ ನೋಡಿ! ಸರಕಾರದ ವಿರುದ್ಧ ಜನ ಕಟ್ಟಿದ ಹಾಡನ್ನು ಸರಕಾರದ ಅಧಿಕಾರಿಯೇ ಕೂಡಿಸಿ ಅಚ್ಚು ಹಾಕಿಸಿದ್ದು ಚರಿತ್ರೆಯ ತಮಾಷೆ. ಅದಾಗಿ ಸುಮಾರು ಅರ್ಧ ಶತಮಾನಕ್ಕೆ, ಆ ಮಣ್ಣಿನ ಹುಡುಗರೇ, ತಮ್ಮ ಕಿವಿಯಿಂದ ಕೇಳಿ, ತಮ್ಮ ಭಾಷೆಯಲ್ಲಿ, ತಮ್ಮ ಜನಕ್ಕಾಗಿ ಲಾವಣಿ ಪುಸ್ತಕ ಮಾಡಿದರು. ‘ಜೀವನ ಸಂಗೀತ’ದ ಮಹತ್ವ ಇಲ್ಲಿದೆ. ಅದೇ 1933ರಲ್ಲಿ ಹಳೇ ಮೈಸೂರಿನ ಕಡೆಯಿಂದ ಅರ್ಚಕ ಬಿ. ರಂಗಸ್ವಾಮಿಯವರ ‘ಹುಟ್ಟಿದ ಹಳ್ಳಿ ಹಳ್ಳಿಯ ಹಾಡು’ ಬಂತು. ನಾಡಿನ ಎರಡು ತುದಿಯಲ್ಲೂ ಒಂದೇ ಹೊತ್ತಿಗೆ ಜನ ತಮ್ಮ ಊರಿನ ಹಾಡಿಗೆ ಕಿವಿ ತೆರೆದಿದ್ದರು.

ಹಾಗಾದರೆ ‘ಗರತಿಯ ಹಾಡು’ ಗೆದ್ದಷ್ಟು ‘ಜೀವನ ಸಂಗೀತ’ ಯಾಕೆ ಗೆಲ್ಲಲಿಲ್ಲ? ನನಗೆ ತೋಚಿದ ಮೂರು ಕಾರಣ ಹೇಳುತ್ತೇನೆ. ನೀವೂ ಯೋಚಿಸಿ.

ಒಂದು, ಕಾಗದ. ತ್ರಿಪದಿ ಕಾಗದದ ಮೇಲೂ ಬದುಕುತ್ತದೆ. ಮೂರು ಸಾಲು ಓದಿದರೆ ಸಾಕು, ಒಳಗೆ ಏನೋ ಮಿಡಿಯುತ್ತದೆ. ಲಾವಣಿಯನ್ನು ಕಾಗದಕ್ಕೆ ಇಳಿಸಿದರೆ ದಪ್ಪು ಹೋಯಿತು, ಗೀಗೀ ಹೋಯಿತು, ಎದುರಿಗೆ ನಿಂತ ಮೇಳ ಹೋಯಿತು, ಮಧ್ಯರಾತ್ರಿಯ ಜನ ಹೋದರು. ಉಳಿದದ್ದು ಜವಾಬು ಮಾತ್ರ, ಸವಾಲು ಹಾಕಿದವನು ಪುಸ್ತಕದಲ್ಲಿ ಇಲ್ಲ.

ಎರಡು, ಆ ಕಾಲದ ಮನಸ್ಸು. ಏಕೀಕರಣದ ಕನಸು ಕಾಣುತ್ತಿದ್ದ ದಿನಗಳು ಅವು. ಕನ್ನಡಕ್ಕೆ ಒಬ್ಬ ತಾಯಿ ಬೇಕಾಗಿದ್ದಳು. ಬೀಸುಕಲ್ಲಿನ ಮುಂದೆ ಕೂತ ಗರತಿ ಆ ಜಾಗಕ್ಕೆ ಸರಿಯಾಗಿ ಹೊಂದಿದಳು. ಲಾವಣಿಯವನು ಹಾಗಲ್ಲ. ಅವನು ಜಗಳಗಂಟ, ಅವನ ಹಾಡಿನಲ್ಲಿ ಶೃಂಗಾರ ಇದೆ, ಕಳ್ಳಪ್ರೇಮ ಇದೆ, ಕೊಲೆ ಇದೆ, ಸರಕಾರಕ್ಕೆ ಬೈಗುಳ ಇದೆ. ಜೊತೆಗೆ ‘ಲಾವಣಿ’ ಅನ್ನುವ ಹೆಸರೇ ಮರಾಠಿಯ ಜೊತೆ ಹಂಚಿಕೊಂಡದ್ದು. ಗಡಿಯಲ್ಲಿ ಕನ್ನಡ ಉಳಿಸಬೇಕು ಅನ್ನುವವರಿಗೆ ಗಡಿಯ ಎರಡೂ ಕಡೆ ಓಡಾಡುವ ಹಾಡು ಸ್ವಲ್ಪ ಇರುಸುಮುರುಸು ತಂದಿದ್ದರೆ ಆಶ್ಚರ್ಯ ಇಲ್ಲ. ನನಗಂತೂ ಅದೇ ಅದರ ಹೆಚ್ಚುಗಾರಿಕೆ. ಭೀಮೆಯ ಆ ದಂಡೆ ಈ ದಂಡೆ ಎರಡರಲ್ಲೂ ಶಿವ ಹೆಚ್ಚೋ ಶಕ್ತಿ ಹೆಚ್ಚೋ ಅಂತ ಒಂದೇ ಜಗಳ ಆಡುತ್ತಿದ್ದ ಜನ ನಾವು.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವಂಥದ್ದು. ಅದು ಹೆಸರು. ತ್ರಿಪದಿಗೆ ಕವಿಯ ಹೆಸರಿಲ್ಲ. ‘ಜನಪದ’ ಅಂದರೆ ಹೆಸರಿಲ್ಲದ್ದು, ಎಲ್ಲರದ್ದು, ತಾನಾಗಿ ಹುಟ್ಟಿದ್ದು ಅಂತ ನಾವು ನಂಬಿಕೊಂಡು ಬಂದಿದ್ದೇವೆ. ಲಾವಣಿ ಆ ನಂಬಿಕೆಗೆ ಒಗ್ಗುವುದಿಲ್ಲ. ಲಾವಣಿಯ ಕೊನೆಯ ನುಡಿಯಲ್ಲಿ ಊರಿನ ಹೆಸರು, ಗುರುವಿನ ಹೆಸರು, ಕಟ್ಟಿದ ಕವಿಯ ಹೆಸರು ಎಲ್ಲ ಬರುತ್ತದೆ. ಹಲಸಂಗಿಯ ಖಾಜಾಭಾಯಿ ಇಂಥ ಒಬ್ಬ ದೊಡ್ಡ ಲಾವಣಿಕಾರ. ಹುಟ್ಟಿನಿಂದ ಮುಸಲ್ಮಾನ, ಕಟ್ಟಿದ್ದು ಕನ್ನಡದ ಪದ. ಅವನ ಪಕ್ಕದಲ್ಲಿ ಲಿಂಗಾಯತರು, ಕುರುಬರು, ಬೇಡರು, ದಲಿತರು ಎಲ್ಲ ಜಾತಿಯ ಹಾಡುಗಾರರು ನಮ್ಮ ಸೀಮೆಯಲ್ಲಿ ಇದ್ದರು. ಸಂಗ್ರಹ ಮಾಡಿದ ಬಳಗದಲ್ಲೇ ಧೂಲಾಸಾಹೇಬರು ಇದ್ದರು ಅನ್ನುವುದನ್ನೂ ನೆನಪಿಡಿ. ಈ ಲಾವಣಿಕಾರರು ಕುಮಾರವ್ಯಾಸನ ಹಾಗೆ, ಸರ್ವಜ್ಞನ ಹಾಗೆ ಹೆಸರಿಟ್ಟು ಬರೆದ ಕವಿಗಳು. ನಾವು ಅವರನ್ನು ‘ಜನಪದ’ ಅನ್ನುವ ದೊಡ್ಡ ಚೀಲಕ್ಕೆ ತುಂಬಿ, ಹೆಸರು ಕಿತ್ತು, ಬಾಯಿ ಕಟ್ಟಿಬಿಟ್ಟೆವು.

ಒಂದು ಪುಸ್ತಕ ಗೆದ್ದು ಇನ್ನೊಂದು ಮರೆತುಹೋದಾಗ ಆಗುವ ನಷ್ಟ ಇದು. ಎರಡನ್ನೂ ಜೊತೆಗಿಟ್ಟು ಓದಿದರೆ ಹಗಲಿನ ಹಾಡು, ರಾತ್ರಿಯ ಹಾಡು ಎರಡೂ ಕೇಳುತ್ತವೆ. ಒಳಮನೆಯ ಹೆಣ್ಣಿನ ದನಿ, ಚಾವಡಿಯ ಗಂಡಿನ ದನಿ ಎರಡೂ ಕೇಳುತ್ತವೆ. ಒಂದನ್ನೇ ಓದಿದರೆ ನಮ್ಮ ಹಳ್ಳಿ ಅಂದರೆ ಬರೀ ತವರಿನ ಹಂಬಲ, ಬರೀ ತಾಳ್ಮೆ ಅನ್ನುವ ಚಿತ್ರ ಉಳಿಯುತ್ತದೆ. ವಾದ ಮಾಡುವ, ಲೆಕ್ಕ ಕೇಳುವ, ದೇವರಿಗೂ ಸವಾಲು ಹಾಕುವ ಹಳ್ಳಿ ಕಾಣುವುದೇ ಇಲ್ಲ.

ಆ ಮೇಳಗಳ ಗತಿ ಆಮೇಲೆ ಏನಾಯಿತು? ಅವು ಸಾಯಲಿಲ್ಲ. ತೊಂಬತ್ತರ ದಶಕದಲ್ಲಿ ಮುದ್ದೇಬಿಹಾಳದ ನಮ್ಮ ಸೋದರಮಾವನ ಮನೆಗೆ ಹೋದಾಗಲೆಲ್ಲ ನಾನು ಕ್ಯಾಸೆಟ್ ಅಂಗಡಿಯ ಮುಂದೆ ನಿಲ್ಲುತ್ತಿದ್ದೆ. ಸಿನೆಮಾ ಹಾಡಿನ ಕ್ಯಾಸೆಟ್ಟಿನ ಪಕ್ಕದಲ್ಲೇ ಗೀಗೀ ಪದ, ಡೊಳ್ಳಿನ ಪದ, ಭಜನಾ ಪದದ ಕ್ಯಾಸೆಟ್ಟುಗಳ ಸಾಲು. ಒಂದು ಬದಿಗೆ ಮೂವತ್ತು ನಿಮಿಷ, ಎರಡು ಬದಿ ಸೇರಿದರೆ ಒಂದು ಗಂಟೆ. ಇಡೀ ರಾತ್ರಿಯ ಹಾಡಿಕೆ ಒಂದು ಗಂಟೆಗೆ ಇಳಿಯಿತು. ಕಯಾಕ್ ತಂಡಕ್ಕೂ ಎಲ್‌ಪಿ ಕಾಲದಲ್ಲಿ ಒಂದು ಬದಿಗೆ ಇಪ್ಪತ್ತು ಚಿಲ್ಲರೆ ನಿಮಿಷದ ಲಗಾಮು ಇತ್ತು. ಹಾಡಿನ ಉದ್ದವನ್ನು ಹಾಡುಗಾರನಷ್ಟೇ ಯಂತ್ರವೂ ನಿರ್ಧರಿಸುತ್ತದೆ. ಈಗ ಅದೇ ಮೇಳಗಳು ಮೊಬೈಲ್ ವಿಡಿಯೋದಲ್ಲಿ ಸಿಗುತ್ತವೆ, ಐದು ನಿಮಿಷದ ತುಣುಕುಗಳಲ್ಲಿ. ಜನ ನೋಡುತ್ತಾರೆ, ಸಂತೋಷ. ಆದರೆ ತುಣುಕು ಕತ್ತರಿಸುವಾಗ ಮೊದಲು ಹೋಗುವುದು ಕೊನೆಯ ನುಡಿ. ಅಂದರೆ ಕವಿಯ ಹೆಸರು!

ಆ ಗೆಳೆಯರ ಮುಂದಿನ ಕತೆಯನ್ನೂ ಹೇಳಿಬಿಡುತ್ತೇನೆ. ಮಧುರಚೆನ್ನರು ಕಾವ್ಯದ ಕಡೆ, ಅರವಿಂದರ ಯೋಗದ ಕಡೆ ಹೊರಳಿದರು. ‘ನನ್ನ ನಲ್ಲ’ದ ಕವಿಯಾಗಿ ಹೆಸರಾದರು. 1953ರ ಆಗಸ್ಟ್ 15ರಂದು ತೀರಿಕೊಂಡರು, ಆಗ ಅವರಿಗೆ ಐವತ್ತೇ ವರ್ಷ. ಆ ದಿನ ಅರವಿಂದರ ಹುಟ್ಟುಹಬ್ಬವೂ ಹೌದು. ಸಿಂಪಿ ಲಿಂಗಣ್ಣನವರು ಮಾತ್ರ ಅದಾಗಿ ಇನ್ನೂ ನಾಲ್ಕು ದಶಕ ಬರೆಯುತ್ತಲೇ ಇದ್ದರು, ಹಳ್ಳಿಯ ಹಾಡು, ಕತೆ, ಗಾದೆ, ನಡೆನುಡಿ ಅಂತ. 1993ರಲ್ಲಿ ಕೊಪ್ಪಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ ಅವರಿಗೆ ಎಂಬತ್ತೈದು ದಾಟಿತ್ತು. ಜೊತೆಗಾರರಲ್ಲಿ ಒಬ್ಬರು ಹೋದ ಮೇಲೂ ಉಳಿದ ಒಬ್ಬರು ಕೆಲಸ ನಿಲ್ಲಿಸುವುದಿಲ್ಲ. ಕೂಪ್‌ಮನ್ ಹೋದ ಮೇಲೆ ಶೆರ್ಪನ್‌ಜೀಲ್ ಮಾಡಿದ್ದೂ ಇದನ್ನೇ. ಇಂಥವರಿಗೆ ನಾವು ಕೊಡಬಹುದಾದ ಮರ್ಯಾದೆ ಒಂದೇ. ಅವರ ಮೊದಲಿನ ಹಿಟ್ಟನ್ನು ಹೊಗಳುವುದು ಒಂದು ಸಲ ಸಾಕು ಮಾಡಿ, ಆಮೇಲೆ ಮಾಡಿದ್ದನ್ನು ಕೂತು ಕೇಳುವುದು, ಓದುವುದು.

ಕೊನೆಗೆ ಒಂದು ಬೇಡಿಕೆ. ನಿಮ್ಮಲ್ಲಿ ಯಾರಾದರೂ ಈ ನಾಲ್ಕು ತಾಲ್ಲೂಕಿನವರಿದ್ದರೆ, ಅಥವಾ ಶ್ರಾವಣದಲ್ಲಿ ಬಾಗೇವಾಡಿ ಬಸವಣ್ಣನ ಜಾತ್ರೆಗೆ ಹೋಗುವವರಿದ್ದರೆ, ಹಾಡಿಕೆ ಎಲ್ಲಿದೆ ಅಂತ ವಿಚಾರಿಸಿ. ವಿಡಿಯೋ ಮಾಡಿದರೆ ಪೂರ್ತಿ ಮಾಡಿ, ಕೂಡುಪಲ್ಲದ ತನಕ. ಕೊನೆಯ ನುಡಿಯಲ್ಲಿ ಬರುವ ಊರು, ಗುರು, ಕವಿ ಮೂರೂ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಯಾವ ಮೇಳ, ಯಾವ ಊರು, ಯಾವ ತಾರೀಖು ಅಂತಲೂ ಇರಲಿ. ಮನೆಯ ಅಟ್ಟದ ಮೇಲೆ ಹಳೆಯ ಗೀಗೀ ಕ್ಯಾಸೆಟ್ ಇದ್ದರೆ ರೀಲು ಅಂಟಿಕೊಳ್ಳುವ ಮೊದಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ನಾನು ನಮ್ಮ ಮುತ್ಯಾನ ಪೆಟ್ಟಿಗೆಯಲ್ಲಿ ಸಿಕ್ಕ ನಾಲ್ಕು ಕ್ಯಾಸೆಟ್ಟಿನಿಂದ ಈ ಕೆಲಸ ಶುರು ಮಾಡಿದ್ದೇನೆ. ಈ ತನಕ ಆರು ಕವಿಗಳ ಹೆಸರು ಸಿಕ್ಕಿವೆ, ಮೂರು ಊರು ಗುರುತು ಹತ್ತಿವೆ. ಉಳಿದದ್ದು ನಡೆದಿದೆ. ನಿಮಗೆ ಸಿಕ್ಕದ್ದನ್ನು ನೀವೂ ಬರೆಯಿರಿ, ಸವಾಲು ನನ್ನದು, ಜವಾಬು ನಿಮ್ಮದು :-)